ಡ್ರೋನ್‌ಗೆ ಲ್ಯಾಪ್‌ಟಾಪ್ ಸೆಲ್ ಕಟ್ಟುವವರಿಗೆ

ಪ್ರಶ್ನೆ: ನನ್ನ 249 ಗ್ರಾಂ ಡ್ರೋನ್ 20 ನಿಮಿಷಕ್ಕೇ ಇಳಿದುಬಿಡುತ್ತದೆ. ಹಳೆಯ ಲ್ಯಾಪ್‌ಟಾಪ್‌ನ ಎರಡು ಸೆಲ್ ಬೆಸುಗೆ ಹಾಕಿ ಕಟ್ಟಿದರೆ 40 ನಿಮಿಷ ಹಾರೀತೇ? (ಸೇಡಂ)

ಉತ್ತರ: ಹಾರದು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ನಿಲ್ಲುತ್ತಿಲ್ಲವಾದ್ದರಿಂದ ಲೆಕ್ಕವನ್ನೇ ಬಿಡಿಸಿಡುತ್ತೇನೆ. ಲ್ಯಾಪ್‌ಟಾಪ್‌ನೊಳಗಿನ ಎರಡು ಉರುಟು ಸೆಲ್ (18650 ಎನ್ನುವ ಅಳತೆಯವು) ಎಂದರೆ 90 ಗ್ರಾಂ ಹೆಚ್ಚುವರಿ ಹೊರೆ. ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿ ತೂಕಕ್ಕಿಂತ ವೇಗವಾಗಿ, ತೂಕದ ಒಂದೂವರೆ ಘಾತದಲ್ಲಿ ಏರುತ್ತದೆ. ತೂಕ ಶೇ 36ರಷ್ಟು ಹೆಚ್ಚಿದರೆ ಶಕ್ತಿಯ ಬೇಡಿಕೆ ಸುಮಾರು ಶೇ 60ರಷ್ಟು ಹೆಚ್ಚುತ್ತದೆ. ಬ್ಯಾಟರಿ ಇಮ್ಮಡಿಯಾದರೂ ನಿಮಗೆ ಸಿಗುವುದು 25 ನಿಮಿಷ. ಅದೂ ಸೆಲ್ ಹೊಸದಿದ್ದರೆ.

ಗುಜರಿ ಸೆಲ್‌ನ ಒಳರೋಧ, ಅಂದರೆ ಕರೆಂಟ್‌ಗೆ ಒಳಗೇ ಆಗುವ ತಡೆ, ಹೆಚ್ಚು. ಮೇಲೇರಿಸಿದ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಡ್ರೋನ್ ತೊಗರಿ ಹೊಲ ಸೇರುತ್ತದೆ. ಪರದೆಯಲ್ಲಿ ಕಾಣುವ ಚಾರ್ಜ್‌ನ ಶೇಕಡಾವಾರು ನಂಬಬೇಡಿ, ಅದು ಅಸಲಿ ಬ್ಯಾಟರಿಯೊಳಗಿನ ಚಿಪ್‌ನ ಲೆಕ್ಕ. ಮೇಲಾಗಿ ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲು! 40 ಡಿಗ್ರಿ ದಾಟಿದ ಗಾಳಿ ತೆಳುವಾಗಿರುತ್ತದೆ, ಮೋಟರ್ ಇನ್ನಷ್ಟು ತಿರುಗಿ ಇನ್ನಷ್ಟು ಬಿಸಿಯಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗ ಇಂಥದ್ದೇ ಜೋಡಣೆಯನ್ನು ನನ್ನ ಮೇಜಿನ ಮೇಲಿಟ್ಟ. ತುಂಬಿದ ಪ್ಯಾಕ್ ಒಂದು, ಬರಿದಾದದ್ದು ಒಂದು, ನೇರವಾಗಿ ಸಮಾನಾಂತರ ಜೋಡಣೆ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್). ತುಂಬಿದ್ದರಿಂದ ಒಮ್ಮೆಲೇ ಕರೆಂಟ್ ನುಗ್ಗಿ ಬರಿದಾದದ್ದು ಕೆಂಡದ ಮೇಲಿನ ರೊಟ್ಟಿಯಂತೆ ಉಬ್ಬಿತ್ತು. ಕೆಂಪು ತಂತಿಯ ಹೊದಿಕೆ ಕರಗಿ ಕನೆಕ್ಟರ್‌ಗೆ ಅಂಟಿತ್ತು. ಅದನ್ನು ಪುಸ್ತಕದ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬಂದಿದ್ದ! ಮರಳಿನ ಬಕೆಟ್‌ನಲ್ಲಿಟ್ಟು ಅಂಗಳಕ್ಕೆ ಸಾಗಿಸುವವರೆಗೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಇನ್ನೊಂದು ಮಾತು. 250 ಗ್ರಾಂ ದಾಟಿದರೆ 2021ರ ಡ್ರೋನ್ ನಿಯಮಗಳಂತೆ ಅದು ನ್ಯಾನೊ ವರ್ಗದಿಂದ ಮೈಕ್ರೊಗೆ ಸೇರುತ್ತದೆ. ಮದುವೆ ಚಿತ್ರೀಕರಣಕ್ಕೆ ಹಣ ಪಡೆಯುವವರಿಗೆ ಆಗ ಪೈಲಟ್ ಪ್ರಮಾಣಪತ್ರ ಕಡ್ಡಾಯ. ಕಂಪನಿಯ ಎರಡನೇ ಬ್ಯಾಟರಿ ಕೊಳ್ಳಿ. ಚಾರ್ಜ್ ಶೇ 30ಕ್ಕೆ ಬಂದಾಗ ಡ್ರೋನ್ ಕೆಳಗಿಳಿಸಿ, ಬ್ಯಾಟರಿ ಬದಲಿಸಿ, ಮತ್ತೆ ಹಾರಿಸಿ. ಸುತ್ತ ಜನರಿಲ್ಲದ ಬಯಲಿನಲ್ಲಿ ರೆಕ್ಕೆಗಳ ರಕ್ಷಾಕವಚ ತೆಗೆದರೆ ಒಂದೆರಡು ನಿಮಿಷ ಉಳಿದೀತು.

ಪ್ರಶ್ನೆ: ಹಾರಿಸುವ ಮುನ್ನ ಬ್ಯಾಟರಿಯನ್ನು ಫ್ರಿಜ್‌ನಲ್ಲಿಡಬಹುದೇ? (ಶಹಾಪುರ)

ಉತ್ತರ: ಬೇಡ. ತಣ್ಣಗಾದ ಬ್ಯಾಟರಿ ಸರಿಯಾಗಿ ಕರೆಂಟ್ ಕೊಡದು, ಹೊರತೆಗೆದಾಗ ಬೆವರುತ್ತದೆ.

ಪ್ರಶ್ನೆ: ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ತೆಗೆದುಕೊಡುತ್ತೇನೆ ಎನ್ನುತ್ತಾರೆ ರಿಪೇರಿಯವರು. (ಬೀದರ್)

ಉತ್ತರ: ಆ ಅಂಗಡಿಯಿಂದ ಈಗಲೇ ವಾಪಸ್ ತನ್ನಿ. ಒಳಗಿರುವುದು ಉರಿಯುವ ಅನಿಲ. ನಿಮ್ಮೂರಿನಲ್ಲಿ ವಾಯುಪಡೆಯ ನೆಲೆಯೂ ಇದೆ, ಹೊಸ ಬ್ಯಾಟರಿ ಕೊಂಡ ಮೇಲೂ ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ವಲಯದ ನಕ್ಷೆ ನೋಡದೆ ಹಾರಿಸಬೇಡಿ.