ಸಂಪಾದಕರ ಉತ್ತರ: ನಂಬರ್ ಪ್ಲೇಟಿನ ತಪ್ಪು, ಕತ್ತರಿಯ ತಪ್ಪು

ಬೇಲೂರಿನ ಹಿರಿಯರಿಗೆ ನಮಸ್ಕಾರಗಳು.

ತಾವು ಹಾಸನದ ನಮ್ಮ ಕಚೇರಿಗೆ ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಸಿನಿಮಾ ತಾರೆಯರ ಬದುಕನ್ನೇ ಕಥೆಯಾಗಿಸಿಕೊಂಡ ಚಿತ್ರಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ಬರೀ ಹೊಗಳಿಕೆಯಲ್ಲಿ ಮುಗಿದುಹೋಯಿತು, ಅವುಗಳಲ್ಲಿರುವ ತಪ್ಪುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ ಎಂಬುದು ತಮ್ಮ ಆಕ್ಷೇಪ. ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ತಾವು ಎರಡು ಉದಾಹರಣೆಗಳನ್ನೂ ಕೊಟ್ಟಿದ್ದೀರಿ: 1960ರ ದಶಕದ ದೃಶ್ಯದಲ್ಲಿ ‘ಕೆಎ’ ನಂಬರಿನ ಕಾರು, ಟೆಂಟಿನಲ್ಲಿ ಒಮ್ಮೆಯೂ ನಿಲ್ಲದೆ ಓಡುವ ಸಿನಿಮಾ. ಇವತ್ತು ಪರದೆಯ ಮೇಲೆ ಕಂಡದ್ದೇ ನಾಳೆಗೆ ಇತಿಹಾಸವಾಗಿಬಿಡುತ್ತದೆ ಎಂದೂ ಬರೆದಿದ್ದೀರಿ. ಆಕ್ಷೇಪವನ್ನು ಒಪ್ಪುತ್ತೇನೆ, ಯಾವ ತಪ್ಪಿಗೆ ಎಷ್ಟು ತೂಕ ಎಂಬಲ್ಲಿ ಮಾತ್ರ ನನ್ನ ಲೆಕ್ಕ ಸ್ವಲ್ಪ ಬೇರೆ.

ಮೈಸೂರು ರಾಜ್ಯದ ವಾಹನಗಳ ನಂಬರು ‘ಎಂವೈ’ ಎಂದು ಶುರುವಾಗುತ್ತಿತ್ತು. ಹಾಸನಕ್ಕೆ ‘ಕೆಎ 13’, ಚಿಕ್ಕಮಗಳೂರಿಗೆ ‘ಕೆಎ 18’ ಬಂದದ್ದು ಬಹಳ ತಡವಾಗಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದೇ 1973ರ ನವೆಂಬರ್ 1ರಂದು. ಸಲುಗೆಯಿಂದ ಹೇಳುತ್ತೇನೆ, ಬೇಸರಿಸಬಾರದು: ತಮ್ಮ ಪತ್ರದ ಮೂರನೆಯ ಪುಟದಲ್ಲಿ ‘1968ರಲ್ಲಿ ಕರ್ನಾಟಕ ಸರ್ಕಾರದ ಲೈಸೆನ್ಸ್ ಪಡೆದ ನಮ್ಮ ಟೆಂಟು’ ಎಂದಿದೆ. ಅಭ್ಯಾಸದ ಕೈ ಬರೆದ ಮಾತು ಅದು. ಕಲಾ ನಿರ್ದೇಶಕನೂ ಹೀಗೆಯೇ ಎಡವುತ್ತಾನೆ. ಹಳೆಯ ಕಾರನ್ನು ಬಾಡಿಗೆಗೆ ತಂದಿರುತ್ತಾನೆ, ಬಿಸಿಲು ಇಳಿಯುತ್ತಿರುತ್ತದೆ, ಪ್ಲೇಟಿನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ನಾಳೆ ಯಾರಾದರೂ 1960ರ ದಶಕದ ನಟನೊಬ್ಬನ ಕಥೆ ತೆಗೆಯುತ್ತಾ ಶೆಟ್ಟಿಹಳ್ಳಿಯ ಚರ್ಚಿನೆದುರು ಹಾಡು ಚಿತ್ರಿಸಿದರೂ ನನಗೆ ಆಶ್ಚರ್ಯವಾಗದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲಷ್ಟೇ ಆ ಚರ್ಚು ನೀರಿನಲ್ಲಿ ನಿಂತ ಪಾಳುಗೋಡೆಯಾದದ್ದು ಎಂಬುದು ಸುತ್ತಲಿನ ಊರಿನವರಿಗೆ ಗೊತ್ತು, ಲೊಕೇಶನ್ ಹುಡುಕಿಕೊಂಡು ಬಂದವರಿಗೆ ಗೊತ್ತಿರಬೇಕೆಂದೇನೂ ಇಲ್ಲ.

ತಮ್ಮ ಎರಡನೆಯ ಉದಾಹರಣೆ ಇದಕ್ಕಿಂತ ಗಟ್ಟಿಯಾದದ್ದು. 1000 ಅಡಿಯ ರೀಲು ಓಡುವುದು ಸುಮಾರು 11 ನಿಮಿಷ. ಎರಡನ್ನು ಸೇರಿಸಿ ಸುತ್ತಿದರೂ 22 ನಿಮಿಷ. ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್ ಆದ್ದರಿಂದ ರೀಲು ಮುಗಿದಾಗಲೆಲ್ಲ ಆಟ ನಿಲ್ಲಲೇಬೇಕು. ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿಗಳು ಉರಿದು ಸವೆದಂತೆ ಅವುಗಳ ನಡುವಿನ ಅಂತರವನ್ನು ಸರಿಪಡಿಸುತ್ತಾ ಕೂತಿರಬೇಕಾಗಿತ್ತು, ಒಂದು ಗಳಿಗೆ ಮೈಮರೆತರೆ ನಾಯಕನ ಮುಖ ಮಂಕಾಗಿ ನೆಲದ ಮೇಲೆ ಕೂತವರಿಂದ ಬೈಗುಳ ಬರುತ್ತಿತ್ತು ಎಂದು ತಾವು ಬರೆದ ಭಾಗವನ್ನು ನಾನು ಎರಡು ಸಲ ಓದಿದೆ. ತಾರೆಯನ್ನು ಜನ ನೋಡಿದ್ದು ಹೀಗೆ, ತುಂಡು ತುಂಡಾಗಿ. ರೀಲು ಬದಲಾಗುವ ಆ ಬಿಡುವಿನಲ್ಲೇ ಬೀಡಿ ಹೊತ್ತುತ್ತಿತ್ತು, ಮುಂದೇನು ಎಂಬ ಚರ್ಚೆ ಏಳುತ್ತಿತ್ತು. ಇದನ್ನು ಬಿಟ್ಟ ಚಿತ್ರ ಒಂದು ಯಂತ್ರವನ್ನಷ್ಟೇ ಅಲ್ಲ, ಅಭಿಮಾನ ಹುಟ್ಟಿದ ಬಗೆಯನ್ನೇ ಬಿಟ್ಟಂತೆ.

ಬಣ್ಣದ ವಿಷಯವನ್ನು ತಾವು ಎತ್ತಿಲ್ಲ, ನಾನೇ ಎತ್ತುತ್ತೇನೆ. 1957ರ ‘ಮಾಯಾಬಜಾರ್’ ಕಪ್ಪು ಬಿಳುಪಿನದು. ಅದಕ್ಕೆ ಬಣ್ಣ ಹಚ್ಚಿ ಬಿಡುಗಡೆ ಮಾಡಿದ್ದು 2010ರಲ್ಲಿ. ನಮ್ಮ 1971ರ ‘ಕಸ್ತೂರಿ ನಿವಾಸ’ಕ್ಕೂ 2014ರಲ್ಲಿ ಹಾಗೆಯೇ ಆಯಿತು. ಕಪ್ಪು ಬಿಳುಪಿನ ಕಾಲದಲ್ಲಿ ಸೀರೆಯನ್ನು ಆರಿಸುವಾಗ ಅದು ಫಿಲ್ಮಿನಲ್ಲಿ ಯಾವ ಬೂದು ಛಾಯೆಯಾಗಿ ಬೀಳುತ್ತದೆ ಎಂಬುದನ್ನು ನೋಡಬೇಕಾಗಿತ್ತು. ಹೀಗಾಗಿ ಅಂದಿನ ಶೂಟಿಂಗನ್ನು ಇಂದು ಬಣ್ಣದಲ್ಲಿ ಮರುಸೃಷ್ಟಿಸುವವರಿಗೆ ಪರದೆಯ ಮೇಲಿನ ಹಳೆಯ ಚಿತ್ರ ಸಾಕ್ಷಿಯಾಗದು. ಬಣ್ಣ ಹಚ್ಚಿದ ಪ್ರತಿಯಂತೂ ಇತ್ತೀಚಿನ ತಂತ್ರಜ್ಞರ ಊಹೆ. ಈ ವಿಷಯದಲ್ಲಿ ನಮ್ಮ ಕೈಯೂ ಶುದ್ಧವಲ್ಲ. ಹಳೆಯ ನಟಿಯೊಬ್ಬರ ಕಪ್ಪು ಬಿಳುಪಿನ ಫೋಟೋಗೆ ಬಣ್ಣ ಹಚ್ಚಿಸಿ, ಹಾಗೆಂದು ಕೆಳಗೆ ನಮೂದಿಸದೆ, ನಾವೇ ಒಮ್ಮೆ ಮುಖಪುಟದಲ್ಲಿ ಹಾಕಿದ್ದೆವು. ಅದನ್ನು ನೋಡಿ ಯಾರಾದರೂ ಸೀರೆ ನೇಯಿಸಿದ್ದರೆ ಆ ತಪ್ಪು ನಮ್ಮದು.

ಇಷ್ಟೆಲ್ಲ ತಪ್ಪುಗಳಿಗೂ ಒಂದು ಗುಣವಿದೆ: ಅವು ಪರದೆಯ ಮೇಲಿರುತ್ತವೆ, ತಮ್ಮಂಥವರು ಬೆರಳಿಟ್ಟು ತೋರಿಸಬಹುದು. ಕತ್ತರಿಸಿ ಹಾಕಿದ್ದನ್ನು ಯಾರು ತೋರಿಸಬೇಕು? 2018ರ ‘ಸಂಜು’ ಚಿತ್ರವನ್ನಷ್ಟೇ ನೋಡಿದವರಿಗೆ ಸಂಜಯ್ ದತ್ತರ ಮೊದಲ ಎರಡು ಮದುವೆಗಳ ಸುಳಿವು ಸಿಗುವುದಿಲ್ಲ. ನಾಯಕನ ಮೇಲೆ ಅನುಕಂಪ ಹುಟ್ಟಲೆಂದು ಚಿತ್ರವನ್ನು ಬದಲಿಸಿದ್ದಾಗಿ ನಿರ್ದೇಶಕ ರಾಜ್‌ಕುಮಾರ್ ಹಿರಾನಿಯವರೇ ಬಿಡುಗಡೆಯಾದ ಮೇಲೆ ಒಪ್ಪಿಕೊಂಡರು. ಅದೇ ವರ್ಷದ ‘ಮಹಾನಟಿ’ಯಲ್ಲಿ ನಟಿ ಸಾವಿತ್ರಿಯವರ ಕಥೆಯನ್ನು ಹುಡುಕಿ ಹೊರಡುವ ಪತ್ರಕರ್ತೆಯೂ ಫೋಟೋಗ್ರಾಫರನೂ ಕಲ್ಪಿತ ಪಾತ್ರಗಳು; ಕಥೆ ಹೇಳಲು ಕಟ್ಟಿಕೊಂಡ ಮೆಟ್ಟಿಲು ಎಂದು ಅದನ್ನು ಒಪ್ಪಬಹುದು. ಆದರೆ ಸಾವಿತ್ರಿಯವರ ಕುಡಿತದ ಹೊಣೆಯನ್ನು ತಮ್ಮ ತಂದೆಯ ಮೇಲೆ ಹೊರಿಸಲಾಗಿದೆ ಎಂದು ಸಾವಿತ್ರಿಯವರ ಪತಿ, ನಟ ಜೆಮಿನಿ ಗಣೇಶನ್ ಅವರ ಇನ್ನೊಂದು ಮದುವೆಯ ಮಗಳು ಬಹಿರಂಗವಾಗಿ ಆಕ್ಷೇಪಿಸಿದಾಗ, ಉತ್ತರಿಸಬೇಕಾದ ಇಬ್ಬರೂ ತೀರಿಹೋಗಿದ್ದರು. ಒಂದು ಮನೆಯವರ ಒಪ್ಪಿಗೆ ಪಡೆದು ತೆಗೆದ ಚಿತ್ರ ಇನ್ನೊಂದು ಮನೆಯವರ ನೆನಪನ್ನು ಮೆಟ್ಟುವ ಸಾಧ್ಯತೆ ಯಾವಾಗಲೂ ಇದ್ದೇ ಇದೆ. ನಮ್ಮ ಲೇಖನ ಕೇಳಬೇಕಾಗಿದ್ದ ಪ್ರಶ್ನೆ ಇದು, ಕೇಳಲಿಲ್ಲ.

ಪರದೆಯದೇ ಇತಿಹಾಸವಾಗುತ್ತದೆ ಎಂಬ ತಮ್ಮ ಮಾತಿಗೆ ತಮ್ಮ ಊರೇ ಸಾಕ್ಷಿ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, 1964ರ ‘ಅಮರಶಿಲ್ಪಿ ಜಕಣಾಚಾರಿ’, ಜನಪದರ ಬಾಯಲ್ಲಿದ್ದ ಕಥೆಗೆ ಮುಖ ಕೊಟ್ಟಿತು. ಜಕಣಾಚಾರಿಯ ಹೆಸರು ಬೇಲೂರಿನ ಶಾಸನಗಳಲ್ಲಿಲ್ಲ. ಮದನಿಕೆಯರ ಪೀಠದಲ್ಲಿ ತಮ್ಮ ಹೆಸರನ್ನೇ ಕೊರೆದಿಟ್ಟವರು ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ. ಆ ಅಪ್ಪ ಮಗನನ್ನು ಕೇಳಿಕೊಂಡು ಬರುವ ಪ್ರವಾಸಿಗರು ಎಷ್ಟು ಮಂದಿ ಎಂದು ತಾವೇ ಹೇಳಬಲ್ಲಿರಿ.

ಬಣ್ಣದ ಫೋಟೋ ಕುರಿತ ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ತಮ್ಮ ಪತ್ರವನ್ನು ಒಂದಕ್ಷರವೂ ತಿದ್ದದೆ ಅಚ್ಚು ಹಾಕಿದ್ದೇವೆ, 1968ರ ಆ ಸಾಲನ್ನೂ ಸೇರಿಸಿ. ಟೆಂಟಿನ ಲೈಸೆನ್ಸ್ ಪತ್ರ ಇನ್ನೂ ತಮ್ಮ ಟ್ರಂಕಿನಲ್ಲಿದ್ದರೆ, ಅದರ ತಲೆಯ ಮೇಲೆ ಯಾವ ಸರ್ಕಾರದ ಹೆಸರಿದೆ ಎಂದು ನೋಡಿ ಒಂದು ಸಾಲು ಬರೆಯಿರಿ. ಪತ್ರದ ಫೋಟೋವನ್ನೂ ಕಳಿಸಿದರೆ ಮುಂದಿನ ತಿಂಗಳು ಪ್ರಕಟಿಸುತ್ತೇವೆ, ಕಪ್ಪು ಬಿಳುಪಿನಲ್ಲೇ.

– ಸಂಪಾದಕ