ಸಂಬಳ ಬರುತ್ತಿರುವಾಗ ದಿವಾಳಿ ಅರ್ಜಿ ಬೇಕೆ?

ಕೈಗೆ 43,000 ಸಂಬಳ, ಮೂರು ಕಾರ್ಡ್, ಒಂದು ಪರ್ಸನಲ್ ಲೋನ್‌ಗೆ ತಿಂಗಳಿಗೆ 29,000 ಹೋಗುತ್ತಿದೆ, ದಿವಾಳಿ ಹಾಕಲೇ ಎಂದು ಕೇಳಿದ್ದೀರಿ. ನಿಮ್ಮನ್ನು ಮುಳುಗಿಸುತ್ತಿರುವುದು ಬಹುಶಃ ಲೋನ್ ಅಲ್ಲ, ಕಾರ್ಡಿನ ‘ಮಿನಿಮಮ್ ಡ್ಯೂ’, ಅಂದರೆ ಬಿಲ್ಲಿನಲ್ಲಿ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋಗುವುದು. ತಿಂಗಳಿಗೆ ಶೇ. 3.5ರಂತೆ 2 ಲಕ್ಷ ಬಾಕಿಗೆ ಬಡ್ಡಿಯೇ 7,000, ಮೇಲೆ ಜಿಎಸ್‌ಟಿ. ಅಸಲು ಅಲುಗುವುದೇ ಇಲ್ಲ ಮಾರಾಯ್ರೆ.

ಇವತ್ತೇ ಕಾರ್ಡ್ ಉಜ್ಜುವುದು ನಿಲ್ಲಿಸಿ. ಮನೆಯಲ್ಲಿ ಚಿನ್ನವಿದ್ದರೆ ಸೊಸೈಟಿಯಲ್ಲಿ ಅಡವಿಟ್ಟು ಮೊದಲು ಕಾರ್ಡ್ ತೀರಿಸಿ. ಸಹೋದ್ಯೋಗಿಯ ಜಾಮೀನಿನ ಮೇಲೆ ಹೊಸ ಸಾಲ ಮಾತ್ರ ಬೇಡ, ನೀವು ತಪ್ಪಿದರೆ ಅವರ ತಲೆಗೆ ಬರುತ್ತದೆ. ಚಿನ್ನವಿಲ್ಲದಿದ್ದರೆ ಕಾರ್ಡ್ ಬಾಕಿಯನ್ನು ಇಎಂಐ ಮಾಡಿಕೊಡಲು, ಲೋನ್ ಅವಧಿ ಹೆಚ್ಚಿಸಲು ಇಮೇಲ್‌ನಲ್ಲೇ ಕೇಳಿ, ಫೋನಿನ ಮಾತು ನಂಬಬೇಡಿ. ಒಪ್ಪದಿದ್ದರೆ ಮಂಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್, ಶುಲ್ಕವಿಲ್ಲ. ಬ್ಯಾಂಕ್ ಎಷ್ಟು ಬಿಡುತ್ತದೆಂದು ಮೊದಲೇ ಹೇಳಲಾಗದು. ಕಡಿಮೆಗೆ ಮುಗಿಸಿದರೆ ನಿಮ್ಮ ಸಾಲದ ದಾಖಲೆಯಾದ ಸಿಬಿಲ್‌ನಲ್ಲಿ ‘ಸೆಟಲ್ಡ್’ (ಪೂರ್ತಿ ಕಟ್ಟಿಲ್ಲ) ಎಂದು ಬೀಳುತ್ತದೆ.

ದಿವಾಳಿ ಕೊನೆಗೆ. ನಿಮ್ಮಂಥವರಿಗೆ ಇನ್ನೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಆಸ್ತಿ ಕೋರ್ಟು ನೇಮಿಸುವ ರಿಸೀವರ್ ಕೈಗೆ ಹೋಗುತ್ತದೆ. ದಿವಾಳಿ ಹಾಕದಿದ್ದಾಗ ಬ್ಯಾಂಕ್ ಕೇಸು ಗೆದ್ದರೂ ಇಡೀ ಸಂಬಳ ಹಿಡಿಯಲಾಗದು: ಮೊದಲ 1,000, ಉಳಿದದ್ದರಲ್ಲಿ ಮೂರನೇ ಎರಡು ಪಾಲು ನಿಮ್ಮದು. 43,000ದಲ್ಲಿ ಜಪ್ತಿಗೆ ಸಿಗುವುದು 14,000, ಈಗ ಕಟ್ಟುತ್ತಿರುವುದರ ಅರ್ಧವೂ ಅಲ್ಲ. ಪಿಎಫ್ ಮುಟ್ಟುವಂತಿಲ್ಲ. ಆದರೆ ಸಂಬಳದ ಖಾತೆ ಸಾಲ ಕೊಟ್ಟ ಬ್ಯಾಂಕಿನಲ್ಲೇ ಇದ್ದರೆ ಅವರು ನೇರವಾಗಿ ಮುರಿದುಕೊಳ್ಳಬಹುದು. ಕಂತು ತಪ್ಪುವ ಮೊದಲೇ ಖಾತೆ ಬೇರೆ ಕಡೆಗೆ ಬದಲಿಸಿ.