ಚಿತ್ರ ಮಾರಿದ ಹಣದಲ್ಲಿ ಒಂದು ಪಾಲು ದಾನಕ್ಕೆ ಅಂತ ಹೇಳಬೇಕು, ಎಷ್ಟು ಅಂತ ಹೇಳಲಿ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ನೀವು ಬಿಡಿಸಿದ ಚಿತ್ರಗಳನ್ನು ಆನ್‌ಲೈನ್‌ನಲ್ಲಿ ಮಾರಬೇಕು, ಬಂದ ಹಣದಲ್ಲಿ ಒಂದು ಪಾಲನ್ನು ಬೀದಿನಾಯಿಗಳ ಆಶ್ರಯಧಾಮಕ್ಕೆ ಕೊಡಬೇಕು. ಎಷ್ಟು ಪರ್ಸೆಂಟ್ ಇಡಲಿ, ಜನ ನಂಬುತ್ತಾರಾ ಅಂತ ಕೇಳಿದ್ದೀರಿ. ನಾನು ಜಲವರ್ಣದ ಚಿತ್ರ ಬಿಡಿಸಿ ಮಾರುವವಳು. ನನ್ನ ಮಾರಾಟದಲ್ಲೂ ಒಂದಷ್ಟು ಮಕ್ಕಳ ಆಸ್ಪತ್ರೆಯ ನಿಧಿಗೆ ಹೋಗುತ್ತದೆ. ನನ್ನ ಪ್ರಕಾರ ಎಷ್ಟು ಪರ್ಸೆಂಟ್ ಅನ್ನುವುದು ಆಮೇಲಿನ ಮಾತು. ಯಾವುದರ ಮೇಲೆ ಪರ್ಸೆಂಟ್ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ.

ಒಂದು ಪ್ರಿಂಟನ್ನು ನೂರಕ್ಕೆ ಮಾರಿದಿರಿ ಅಂತಿಟ್ಟುಕೊಳ್ಳಿ. ಸೈಟಿನ ಕಮಿಷನ್, ಕಾರ್ಡ್ ಪಾವತಿಯ ಶುಲ್ಕ ಸೇರಿ 13 ಹೋಯಿತು. ಪ್ರಿಂಟ್ ಹಾಕಿಸಿದ್ದು, ಹಿಂದಿನ ರಟ್ಟು, ಪ್ಯಾಕಿಂಗ್ ಎಲ್ಲ ಸೇರಿ 37. ಕೈಯಲ್ಲಿ ಉಳಿದದ್ದು 50. ಈಗ ‘ಶೇ 20 ದಾನಕ್ಕೆ’ ಅಂದರೆ ಎಷ್ಟು? ಬೆಲೆಯ ಮೇಲೆ ಲೆಕ್ಕ ಹಾಕಿದರೆ 20. ಅಂದರೆ ನಿಮಗೆ ಉಳಿದದ್ದರಲ್ಲಿ ಶೇ 40 ಹೋಯಿತು. ಉಳಿಕೆಯ ಮೇಲೆ ಹಾಕಿದರೆ ಬರೀ 10. ಕೊಳ್ಳುವವರು ಮಾತ್ರ 20 ಅಂತಲೇ ತಿಳಿದುಕೊಂಡಿರುತ್ತಾರೆ. ‘ಲಾಭದಲ್ಲಿ ಒಂದು ಪಾಲು’ ಅನ್ನುವ ಮಾತಂತೂ ಬೇಡವೇ ಬೇಡ. ಬಣ್ಣ, ಕಾಗದ, ಕೂತು ಬಿಡಿಸಿದ ಹೊತ್ತು ಎಲ್ಲ ಕಳೆದರೆ ಎಷ್ಟೋ ಚಿತ್ರಗಳಲ್ಲಿ ಲಾಭವೇ ಇರುವುದಿಲ್ಲ. ಆಗ ಆಶ್ರಯಧಾಮಕ್ಕೆ ಏನು ಕೊಡುತ್ತೀರಿ?

ಇದು ನಮ್ಮಂಥ ಸಣ್ಣವರ ತಲೆನೋವು ಮಾತ್ರ ಅಲ್ಲ. ಗೋಡೆ ಚಿತ್ರಗಳಿಗೆ ಹೆಸರಾದ ಬ್ರಿಟನ್ನಿನ ಕಲಾವಿದ ಬ್ಯಾಂಕ್ಸಿ 2020ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಆಸ್ಪತ್ರೆಗೆ ಕೊಟ್ಟ ‘ಗೇಮ್ ಚೇಂಜರ್’ ಚಿತ್ರ 2021ರ ಮಾರ್ಚ್‌ನಲ್ಲಿ ಕ್ರಿಸ್ಟೀಸ್ ಹರಾಜಿಗೆ ಬಂತು. ಹಣ ಹೋಗಬೇಕಾದದ್ದು ಆರೋಗ್ಯ ಸೇವೆಯ ದತ್ತಿ ಸಂಸ್ಥೆಗಳಿಗೆ. ಕೂಗಿದ ಬೆಲೆ 1.44 ಕೋಟಿ ಪೌಂಡ್‌ಗೆ ನಿಂತಿತು. ಹರಾಜು ಸಂಸ್ಥೆಯ ಶುಲ್ಕ ಸೇರಿ ಕೊಂಡವರು ಕೊಟ್ಟದ್ದು ಸುಮಾರು 1.68 ಕೋಟಿ. ‘ಮಾರಿದ ಹಣ’ ಅಂದರೆ ಇದರಲ್ಲಿ ಯಾವುದು ಅಂತ ಅಲ್ಲೂ ಬಿಡಿಸಿ ಹೇಳಲೇಬೇಕು.

ಹಾಗಾಗಿ ನಾನು ಪರ್ಸೆಂಟ್ ಹಾಕುವುದೇ ಇಲ್ಲ. ‘ಈ ಚಿತ್ರ ಮಾರಾಟವಾದರೆ ಇಷ್ಟು ಹಣ ಇಂಥ ಸಂಸ್ಥೆಗೆ, ಇಂಥ ತಾರೀಖಿನವರೆಗೆ’ ಅಂತ ಬರೆಯುತ್ತೇನೆ. ಕೊಳ್ಳುವವರು ಲೆಕ್ಕ ಹಾಕಬೇಕಾಗಿಲ್ಲ, ನನಗೂ ಖರ್ಚು ಏರಿತು ಇಳಿಯಿತು ಅಂತ ಗೊಂದಲ ಇಲ್ಲ. ಪ್ರಿಂಟ್ ಆನ್ ಡಿಮ್ಯಾಂಡ್ ಸೈಟಿನಲ್ಲಿ, ಅಂದರೆ ಆರ್ಡರ್ ಬಂದ ಮೇಲೆ ಪ್ರಿಂಟ್ ಹಾಕುವ ಸೈಟಿನಲ್ಲಿ, ಮಾರುವುದಾದರೆ ಇದು ಇನ್ನೂ ಮುಖ್ಯ. ಅಲ್ಲಿ ಬೆಲೆಯ ಬಹುಪಾಲು ಪ್ರಿಂಟ್ ಹಾಕಿ ಕಳಿಸುವವರಿಗೇ ಹೋಗುತ್ತದೆ. ನಿಮ್ಮದು ಮೇಲೆ ಸೇರಿಸಿಕೊಂಡ ಒಂದು ಚೂರು ಮಾತ್ರ. ಬೆಲೆಯ ಮೇಲೆ ಪರ್ಸೆಂಟ್ ಮಾತು ಕೊಟ್ಟರೆ ಕೈಯಿಂದಲೇ ಹಾಕಬೇಕಾಗಬಹುದು. ಪರ್ಸೆಂಟೇ ಬೇಕು ಅಂದರೆ ಆನ್‌ಲೈನ್ ಮಾರಾಟದ ಸೈಟ್ ಇಬೇಯಲ್ಲಿ ‘ಇಬೇ ಫಾರ್ ಚಾರಿಟಿ’ಯಂಥ ವ್ಯವಸ್ಥೆ ಇದೆ. ಮಾರುವವರು ಶೇ 10ರಿಂದ 100ರವರೆಗೆ ತಾವೇ ಆರಿಸಿಕೊಳ್ಳಬಹುದು, ಎಷ್ಟು ಅನ್ನುವುದು ಕೊಳ್ಳುವವರಿಗೂ ಕಾಣುತ್ತದೆ.

ಇನ್ನು ನಂಬಿಕೆ. ಮೊದಲು ಆಶ್ರಯಧಾಮಕ್ಕೆ ಬರೆದು ಒಪ್ಪಿಗೆ ತೆಗೆದುಕೊಳ್ಳಿ, ಬಾಯಿಮಾತು ಸಾಲದು. ಅವರ ಹೆಸರು, ಲೋಗೋ ಬಳಸಬಹುದಾ ಅಂತ ಸ್ಪಷ್ಟವಾಗಿ ಕೇಳಿ. ಒಳ್ಳೆ ಕೆಲಸಕ್ಕೆ ತಾನೇ ಅಂತ ಸುಮ್ನೆ ಹಾಕಿಕೊಂಡರೆ ಅವರಿಗೇ ಕಿರಿಕಿರಿ. ಒಪ್ಪಿಗೆ ಕೊಟ್ಟ ಸಂಸ್ಥೆ ಎಷ್ಟೋ ಸಲ ತನ್ನ ಪುಟದಲ್ಲೂ ನಿಮ್ಮ ಬಗ್ಗೆ ಒಂದು ಸಾಲು ಹಾಕುತ್ತದೆ. ನಿಮ್ಮ ಹತ್ತು ಭರವಸೆಗಿಂತ ಆ ಒಂದು ಸಾಲಿಗೆ ಬೆಲೆ ಜಾಸ್ತಿ. ಚಿತ್ರ ವಾಪಸ್ ಕಳಿಸುವ ಅವಧಿ ಮುಗಿದ ಮೇಲೆ ಹಣ ಕಟ್ಟಿ. ರಸೀದಿಯಲ್ಲಿ ಖಾತೆಯ ವಿವರ ಮುಚ್ಚಿ, ಉಳಿದದ್ದನ್ನು ಎಲ್ಲರಿಗೂ ಕಾಣುವಂತೆ ಹಾಕಿ.

ತೆರಿಗೆಯ ವಿಷಯವನ್ನು ನಿಮ್ಮ ದೇಶದ ನಿಯಮ ಬಲ್ಲವರ ಹತ್ತಿರ ಕೇಳಿ. ಹಣ ಕೊಡುವುದು ಬೇರೆ, ಚಿತ್ರವನ್ನೇ ಕೊಡುವುದು ಬೇರೆ. ಅಮೆರಿಕದಲ್ಲಿ ಕಲಾವಿದರು ತಾವು ಬಿಡಿಸಿದ ಚಿತ್ರವನ್ನೇ ದಾನ ಕೊಟ್ಟರೆ ವಿನಾಯಿತಿ ಸಿಗುವುದು ಬಣ್ಣ, ಕ್ಯಾನ್ವಾಸಿನಂಥ ಸಾಮಗ್ರಿಯ ಖರ್ಚಿಗೆ ಮಾತ್ರ, ಚಿತ್ರದ ಮಾರುಕಟ್ಟೆ ಬೆಲೆಗಲ್ಲ.

ನೀವು ಕೇಳದಿದ್ದರೂ ಒಂದು ಮಾತು. ದಾನದ ಹೆಸರಲ್ಲಿ ಚಿತ್ರ ಮಾರಾಟವಾಗುತ್ತದೆ ಅಂತ ಲೆಕ್ಕ ಹಾಕಬೇಡಿ. ಮಕ್ಕಳಿಗಾಗಿ ಕೆಲಸ ಮಾಡುವ ವಿಶ್ವಸಂಸ್ಥೆಯ ಅಂಗ ಯುನಿಸೆಫ್‌ನ ಶುಭಾಶಯ ಪತ್ರಗಳ ಕತೆ ಶುರುವಾದದ್ದು 1949ರಲ್ಲಿ. ಆಗಿನ ಚೆಕೊಸ್ಲೊವಾಕಿಯಾದ ಏಳು ವರ್ಷದ ಹುಡುಗಿಯೊಬ್ಬಳು ಯುನಿಸೆಫ್‌ನ ನೆರವಿಗೆ ಥ್ಯಾಂಕ್ಸ್ ಹೇಳಲು ಬಿಡಿಸಿ ಕಳಿಸಿದ ಚಿತ್ರವೇ ಮೊದಲ ಕಾರ್ಡಾಯಿತು. ಮಕ್ಕಳ ನೆರವಿಗೆ ಹಣ ಕೂಡಿಸುವ ಆ ಕಾರ್ಡುಗಳ ಮಾರಾಟ ದಶಕಗಟ್ಟಲೆ ನಡೆಯಿತು. ಜನರಿಗೆ ಹೇಗೂ ಯಾರಿಗಾದರೂ ಕಾರ್ಡ್ ಕಳಿಸಬೇಕಿತ್ತು, ಅದಕ್ಕೇ ಕೊಂಡರು ಅಂತ ನನಗನಿಸುತ್ತದೆ. ಚಿತ್ರ ಕೊಳ್ಳುವವರೂ ಹಾಗೆಯೇ, ಮನೆಯ ಗೋಡೆಗೆ ಇದು ಬೇಕು ಅನಿಸಿದರೆ ಮಾತ್ರ ಕೊಳ್ಳುತ್ತಾರೆ. ಆದ್ದರಿಂದ ವಿವರಣೆಯಲ್ಲಿ ಮೊದಲು ಅಳತೆ, ಕಾಗದ, ಬಣ್ಣ ಯಾವುದು ಅಂತ ಬರೆಯಿರಿ. ದಾನದ ಸಾಲು ಕೊನೆಗಿರಲಿ. ಹಗಲು ಬೆಳಕಲ್ಲಿ ತೆಗೆದ ಫೋಟೊ ಹಾಕಿ.

ಮೂಲ ಚಿತ್ರ ಕೊಂಡವರಿಗೆ ಅದನ್ನು ಪ್ರಿಂಟ್ ಹಾಕಿ ಮಾರುವ ಹಕ್ಕು ಸಿಗುವುದಿಲ್ಲ ಅನ್ನುವುದನ್ನೂ ಒಂದು ಸಾಲಲ್ಲಿ ಬರೆದಿಡಿ. ಆಶ್ರಯಧಾಮದ ನಾಯಿಗಳ ಫೋಟೊ ನೋಡಿಕೊಂಡು ಬಿಡಿಸುವ ಯೋಚನೆ ಇದ್ದರೆ, ಆ ಫೋಟೊ ತೆಗೆದವರ ಒಪ್ಪಿಗೆಯನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ.